ಅಧ್ಯಕ್ಷರ ಸಮಾಧಿ ಊರವರ ಸಾಲಿನಲ್ಲೇ ಯಾಕಿದೆ? ವರ್ಮಾಂಟ್‌ನ ಒಂದು ಹಳ್ಳಿಗಾಡಿನ ಕೌಂಟಿಯ ಕಥೆ

ಪ್ರಶ್ನೆ: ನಾವು ಬಾಸ್ಟನ್ ಹತ್ತಿರ ಇದ್ದೇವೆ. ಎಲೆಗಳು ಬಣ್ಣ ತಿರುಗುವ ಕಾಲದಲ್ಲಿ ವರ್ಮಾಂಟ್ ಕಡೆ ಹೋಗಿದ್ದೆವು. ಪ್ಲಿಮತ್ ನಾಚ್ ಅನ್ನುವ ಪುಟ್ಟ ಹಳ್ಳಿಯಲ್ಲಿ ಅಧ್ಯಕ್ಷ ಕ್ಯಾಲ್ವಿನ್ ಕೂಲಿಜ್ ಅವರ ಸಮಾಧಿ ನೋಡಿದೆವು. ಕಾವಲಿಲ್ಲ, ಮಂಟಪವಿಲ್ಲ, ಅಕ್ಕಪಕ್ಕದವರ ಹಾಗೇ ಒಂದು ಕಲ್ಲು. ಅಮೆರಿಕದ ಅಧ್ಯಕ್ಷರಿಗೆ ಇಷ್ಟೇನಾ ಅನಿಸಿತು. ಸರ್ಕಾರ ಮರೆತಿದೆಯಾ? ಆ ಹಳ್ಳಿ ಇರುವ ವಿಂಡ್ಸರ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಬೇರೆ ರಾಜಕಾರಣಿಗಳ ಸಮಾಧಿಗಳೂ ಇವೆಯಾ? ಇದ್ದರೆ ಹುಡುಕುವುದು ಹೇಗೆ? ಮುಂದಿನ ಬೇಸಿಗೆಗೆ ನಮ್ಮ ಮಾವ ಊರಿಂದ ಬರುತ್ತಿದ್ದಾರೆ. ಅವರಿಗೆ ಇತಿಹಾಸ ಅಂದರೆ ಪ್ರಾಣ. ಕರೆದುಕೊಂಡು ಹೋಗುವ ಆಸೆ.

ಉತ್ತರ: ಮೊದಲು ನಿಮ್ಮ ಬೇಸರಕ್ಕೆ ಉತ್ತರ ಹೇಳಿಬಿಡುತ್ತೇನೆ. ಯಾರೂ ಮರೆತಿಲ್ಲ. ಪ್ರತಿ ವರ್ಷ ಜುಲೈ 4ರಂದು, ಕೂಲಿಜ್ ಹುಟ್ಟಿದ ದಿನ, ಶ್ವೇತಭವನದ ಹೆಸರಿನಲ್ಲಿ ಒಂದು ಹೂಚಕ್ರ ಆ ಸಮಾಧಿಗೆ ಬರುತ್ತದೆ. ವರ್ಮಾಂಟ್ ನ್ಯಾಷನಲ್ ಗಾರ್ಡ್‌ನವರು ಇರುತ್ತಾರೆ, ಊರವರು ಹಳ್ಳಿಯಿಂದ ಸ್ಮಶಾನದವರೆಗೆ ಮೆರವಣಿಗೆಯಲ್ಲಿ ನಡೆದುಹೋಗುತ್ತಾರೆ. ಕಲ್ಲು ಸರಳವಾಗಿರುವುದು ಕೂಲಿಜ್ ಮನೆತನಕ್ಕೆ ಹಾಗೇ ಬೇಕಿತ್ತು ಅಂತ. ಆ ಕೌಂಟಿಯ ರಾಜಕೀಯ ನಡೆದುಕೊಂಡು ಬಂದ ರೀತಿಯೂ ಹಾಗೇ ಇತ್ತು. ಈ ಎರಡನೇ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಅದು ಗೊತ್ತಾದರೆ ನಿಮ್ಮ ಉಳಿದ ಪ್ರಶ್ನೆಗಳಿಗೂ ದಾರಿ ಸಿಗುತ್ತದೆ.

ಅಮೆರಿಕದಲ್ಲಿ ಅಧ್ಯಕ್ಷರನ್ನು ಇಂಥ ಕಡೆಯೇ ಮಣ್ಣು ಮಾಡಬೇಕು ಅನ್ನುವ ಕಾನೂನು ಇಲ್ಲ. ಎಲ್ಲ ಅಧ್ಯಕ್ಷರಿಗೂ ಸೇರಿಸಿ ಒಂದು ಜಾಗ ಅಂತಲೂ ಇಲ್ಲ. ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಎಲ್ಲರೂ ಇದ್ದಾರೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅಲ್ಲಿರುವ ಅಧ್ಯಕ್ಷರು ಇಬ್ಬರೇ, ಟಾಫ್ಟ್ ಮತ್ತು ಕೆನಡಿ. ಉಳಿದವರ ಜಾಗವನ್ನು ಅವರವರ ಮನೆಯವರು ಆರಿಸಿದ್ದಾರೆ, ಇಲ್ಲವೇ ಅವರೇ ಬದುಕಿದ್ದಾಗ ಹೇಳಿಟ್ಟಿದ್ದಾರೆ. ಲಿಂಡನ್ ಜಾನ್ಸನ್ ಇರುವುದು ಟೆಕ್ಸಾಸ್‌ನ ಗಿಲೆಸ್ಪಿ ಕೌಂಟಿಯಲ್ಲಿ, ಮನೆಯವರ ಸಣ್ಣ ಸ್ಮಶಾನದಲ್ಲಿ. ಜಿಮ್ಮಿ ಕಾರ್ಟರ್ ಅವರನ್ನು 2025ರ ಜನವರಿಯಲ್ಲಿ ಜಾರ್ಜಿಯಾದ ಪ್ಲೇನ್ಸ್‌ನಲ್ಲಿ, ತಮ್ಮ ಮನೆ ಜಾಗದಲ್ಲೇ, ಹೆಂಡತಿಯ ಪಕ್ಕ ಮಣ್ಣು ಮಾಡಿದರು.

ಹಾಗಾದರೆ ದೊಡ್ಡ ಸಮಾಧಿಗಳು ಹೇಗೆ ಬಂದವು? ಹೆಚ್ಚಿನವು ಜನರ ಚಂದಾ ಹಣದಿಂದ ಬಂದವು. ಕೂಲಿಜ್‌ಗಿಂತ ಮೊದಲು ಅಧ್ಯಕ್ಷರಾಗಿದ್ದ ವಾರೆನ್ ಹಾರ್ಡಿಂಗ್ ಅವರದ್ದೇ ತೆಗೆದುಕೊಳ್ಳಿ. ಅವರು 1923ರಲ್ಲಿ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಒಹಾಯೊದ ಮೇರಿಯನ್ ಊರಿನಲ್ಲಿ ಅವರಿಗೆ ಬಿಳಿ ಅಮೃತಶಿಲೆಯ, ದುಂಡನೆಯ, ಸುತ್ತ ಕಂಬಗಳಿರುವ ದೊಡ್ಡ ಸ್ಮಾರಕ ಎದ್ದಿತು. 1931ರಲ್ಲಿ ಅದರ ಸಮರ್ಪಣೆಗೆ ಕೂಲಿಜ್ ಕೂಡ ಹೋಗಿದ್ದರು. ಹಾಗಾಗಿ ದೊಡ್ಡ ಸಮಾಧಿ ಅಂದರೆ ಹೇಗಿರುತ್ತದೆ ಅಂತ ಅವರು ಕಣ್ಣಾರೆ ನೋಡಿದ್ದರು. ಅದಾಗಿ ಎರಡು ವರ್ಷ ತುಂಬುವ ಮೊದಲೇ, 1933ರ ಜನವರಿ 5ರಂದು, ಮ್ಯಾಸಚೂಸೆಟ್ಸ್‌ನ ನಾರ್ಥ್ಯಾಂಪ್ಟನ್‌ನ ತಮ್ಮ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 60 ವರ್ಷ.

ಕೂಲಿಜ್ ಅವರ ರಾಜಕೀಯ ಬದುಕೆಲ್ಲ ನಡೆದದ್ದು ಮ್ಯಾಸಚೂಸೆಟ್ಸ್‌ನಲ್ಲಿ. ನಾರ್ಥ್ಯಾಂಪ್ಟನ್ ಮೇಯರ್ ಆದದ್ದು ಅಲ್ಲಿ, ಗವರ್ನರ್ (ಅಲ್ಲಿ ಜನರೇ ಆರಿಸುವ, ರಾಜ್ಯ ಸರ್ಕಾರದ ಮುಖ್ಯಸ್ಥ) ಆದದ್ದು ಅಲ್ಲಿ. ಮತ ಹಾಕಿ ಬೆಳೆಸಿದವರು ಆ ರಾಜ್ಯದವರು. ಅಂತ್ಯಕ್ರಿಯೆಯ ಪ್ರಾರ್ಥನೆಯೂ ನಾರ್ಥ್ಯಾಂಪ್ಟನ್ ಚರ್ಚಿನಲ್ಲೇ ಆಯಿತು, ಆಗಿನ ಅಧ್ಯಕ್ಷ ಹೂವರ್ ಬಂದಿದ್ದರು. ಆಮೇಲೆ ಶವಪೆಟ್ಟಿಗೆ ಹೊತ್ತ ವಾಹನ ಬೆಟ್ಟ ಹತ್ತಿ ಪ್ಲಿಮತ್ ನಾಚ್‌ಗೆ ಬಂತು. ಅಲ್ಲಿ ಇದ್ದದ್ದು ಅವರು ಹುಟ್ಟಿದ ಮನೆ ಮತ್ತು ಅವರ ಹಿರಿಯರ ಸಾಲು.

ಆ ಸಾಲನ್ನು ನೀವು ಗಮನಿಸಿದಿರಾ? ನನ್ನ ಮಟ್ಟಿಗೆ ಆ ಸ್ಮಶಾನದಲ್ಲಿ ನೋಡಬೇಕಾದದ್ದು ಅಧ್ಯಕ್ಷರ ಒಂದು ಕಲ್ಲಿಗಿಂತ ಆ ಸಾಲು. ಅಲ್ಲಿ ಅವರ ತಾಯಿ ವಿಕ್ಟೋರಿಯಾ ಇದ್ದಾರೆ. ಅವರು 1885ರಲ್ಲಿ ತೀರಿಕೊಂಡಾಗ ಕ್ಯಾಲ್ವಿನ್ ಇನ್ನೂ ಹನ್ನೆರಡರ ಹುಡುಗ. ತಂಗಿ ಆಬಿಗೇಲ್ ಇದ್ದಾಳೆ. ತಂದೆ ಜಾನ್ ಕೂಲಿಜ್ ಇದ್ದಾರೆ. ಕಿರಿಮಗ ಕ್ಯಾಲ್ವಿನ್ ಜೂನಿಯರ್ ಇದ್ದಾನೆ. ಆ ಹುಡುಗ 1924ರ ಬೇಸಿಗೆಯಲ್ಲಿ ಶ್ವೇತಭವನದ ಅಂಗಳದಲ್ಲಿ ಕಾಲುಚೀಲ ಇಲ್ಲದೆ ಟೆನಿಸ್ ಆಡಿದ. ಕಾಲ್ಬೆರಳಲ್ಲಿ ಬೊಬ್ಬೆ ಎದ್ದಿತು, ಅದು ನಂಜಾಯಿತು, ನಂಜು ರಕ್ತಕ್ಕೇರಿತು. ಜುಲೈ 7ರಂದು ಹೋಗಿಬಿಟ್ಟ. ವಯಸ್ಸು 16. ಪೆನಿಸಿಲಿನ್ ಕಂಡುಹಿಡಿಯುವುದಕ್ಕೆ ಇನ್ನೂ ನಾಲ್ಕು ವರ್ಷ ಇತ್ತು. ಮಗನ ಜೊತೆಗೇ ಅಧ್ಯಕ್ಷಗಿರಿಯ ಬಲವೂ ವೈಭವವೂ ಹೊರಟುಹೋಯಿತು ಅಂತ ಕೂಲಿಜ್ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಅದೇ ವರ್ಷ ನವೆಂಬರ್‌ನಲ್ಲಿ ಅವರು ಭಾರಿ ಅಂತರದಿಂದ ಚುನಾವಣೆ ಗೆದ್ದರು. 1928ರಲ್ಲಿ ಬೆನಿಂಗ್ಟನ್‌ನಲ್ಲಿ ಮಾತಾಡುವಾಗ ವರ್ಮಾಂಟನ್ನು ಯಾಕೆ ಪ್ರೀತಿಸುತ್ತೇನೆ ಅಂತ ಹೇಳುತ್ತಾ, ನನ್ನವರು ತೀರಿಹೋಗಿ ಮಲಗಿರುವುದು ಈ ಬೆಟ್ಟಗಳ ಎದೆಯ ಮೇಲೆ ಅಂದರು. ಅಷ್ಟು ಹೊತ್ತಿಗೆ ತಾಯಿ, ತಂಗಿ, ಮಗ, ತಂದೆ ನಾಲ್ವರೂ ಆ ಇಳಿಜಾರಿನಲ್ಲಿದ್ದರು. ಇಂಥ ಮನುಷ್ಯ ಬೇರೆಲ್ಲಿ ಮಲಗಲು ಒಪ್ಪುತ್ತಿದ್ದರು ಹೇಳಿ?

ಅವರ ಕಲ್ಲು ಗ್ರಾನೈಟಿನದು. ಹೆಸರು, ಹುಟ್ಟಿದ ದಿನ, ತೀರಿಕೊಂಡ ದಿನ. ಮೇಲೆ ಅಧ್ಯಕ್ಷರ ಮುದ್ರೆಯ ಹದ್ದು. ಅಧ್ಯಕ್ಷರಾಗಿದ್ದರು ಅನ್ನುವುದಕ್ಕೆ ಆ ಮುದ್ರೆಯೊಂದೇ ಗುರುತು.

ಈಗ ರಾಜಕೀಯದ ಮಾತಿಗೆ ಬರೋಣ. ಆ ಸಾಲಿನಲ್ಲಿ ರಾಜಕಾರಣಿ ಅಂದರೆ ಅಧ್ಯಕ್ಷರೊಬ್ಬರೇ ಅಂದುಕೊಳ್ಳಬೇಡಿ. ತಂದೆ ಜಾನ್ ಕೂಲಿಜ್ ಪ್ಲಿಮತ್‌ನಿಂದ ರಾಜ್ಯದ ಶಾಸನಸಭೆಗೆ ಆರಿಸಿಹೋದವರು. ಆಮೇಲೆ ವಿಂಡ್ಸರ್ ಕೌಂಟಿಯಿಂದ ರಾಜ್ಯ ಸೆನೆಟ್‌ಗೂ ಹೋದರು. ಊರಲ್ಲಿ ಅಂಗಡಿ ನಡೆಸಿದವರು, ನೋಟರಿ ಆಗಿದ್ದವರು. 1923ರ ಆಗಸ್ಟ್ 3ರ ಬೆಳಗಿನ ಜಾವ 2 ಗಂಟೆ 47 ನಿಮಿಷಕ್ಕೆ, ಹಾರ್ಡಿಂಗ್ ತೀರಿಕೊಂಡ ಸುದ್ದಿ ಮುಟ್ಟಿದ ಮೇಲೆ, ಸೀಮೆಎಣ್ಣೆ ದೀಪದ ಬೆಳಕಲ್ಲಿ ಮಗನಿಗೆ ಅಧ್ಯಕ್ಷ ಪದವಿಯ ಪ್ರಮಾಣವಚನ ಬೋಧಿಸಿದ ನೋಟರಿ ಇವರೇ. ತಾತ ಕ್ಯಾಲ್ವಿನ್ ಗಲೂಷಾ ಕೂಲಿಜ್ ಕೂಡ ಶಾಸನಸಭೆಯಲ್ಲಿ ಕೂತವರು. ಹೀಗೆ ಒಂದೇ ಮನೆಯ ಮೂರು ತಲೆಮಾರು ಚುನಾಯಿತರು.

ಇದು ಕೂಲಿಜ್ ಮನೆಯದ್ದೊಂದೇ ಹೆಚ್ಚುಗಾರಿಕೆ ಅಲ್ಲ. ವರ್ಮಾಂಟ್‌ನಲ್ಲಿ 1965ರವರೆಗೆ ಒಂದು ವ್ಯವಸ್ಥೆ ಇತ್ತು. ಒಂದು ಟೌನ್‌ಗೆ ಒಬ್ಬ ಪ್ರತಿನಿಧಿ. ಟೌನ್ ಅಂದರೆ ಅಲ್ಲಿ ಕೆಲವು ಹಳ್ಳಿಗಳು ಸೇರಿದ ಸ್ಥಳೀಯ ಆಡಳಿತದ ಘಟಕ. ಬರ್ಲಿಂಗ್ಟನ್ ನಗರಕ್ಕೂ ಒಬ್ಬರೇ, ಕೆಲವೇ ಮನೆಗಳ ಬೆಟ್ಟದೂರಿಗೂ ಒಬ್ಬರೇ. ಹಾಗಾಗಿ ಕೆಳಮನೆಯಲ್ಲಿ 246 ಜನ ಕೂರುತ್ತಿದ್ದರು. ಜನಸಂಖ್ಯೆಗೆ ತಕ್ಕಂತೆ ಕ್ಷೇತ್ರ ಇರಬೇಕು ಅಂತ ಸುಪ್ರೀಂ ಕೋರ್ಟ್ 1964ರಲ್ಲಿ ಹೇಳಿದ ಮೇಲೆ ಅದು 150ಕ್ಕೆ ಇಳಿಯಿತು. ವಿಂಡ್ಸರ್ ಕೌಂಟಿಯಲ್ಲಿ 24 ಟೌನ್‌ಗಳಿವೆ. ಲೆಕ್ಕ ಹಾಕಿ ನೋಡಿ. ನೂರೈವತ್ತಕ್ಕೂ ಹೆಚ್ಚು ವರ್ಷ ಪ್ರತಿ ಟೌನ್‌ನಿಂದ ಒಬ್ಬರಾದ ಮೇಲೆ ಒಬ್ಬರು ರಾಜಧಾನಿ ಮಾಂಟ್‌ಪೀಲಿಯರ್‌ಗೆ ಹೋಗಿ ಬಂದಿದ್ದಾರೆ. ಅವರಲ್ಲಿ ರೈತರು, ಗಿರಣಿಯವರು, ಡಾಕ್ಟರು, ಅಂಗಡಿಯವರು, ಪಾದ್ರಿಗಳು ಎಲ್ಲ ಇದ್ದರು. ಒಂದೆರಡು ಅವಧಿ ಕೂತು ವಾಪಸ್ ಬಂದು ತಮ್ಮ ಕೆಲಸ ನೋಡಿಕೊಂಡವರೇ ಜಾಸ್ತಿ. ತೀರಿಕೊಂಡಾಗ ಊರವರ ಜೊತೆಗೇ ಮಣ್ಣಾದರು. ಹಾಗಾಗಿ ಆ ಕೌಂಟಿಯಲ್ಲಿ ರಾಜಕಾರಣಿ ಇಲ್ಲದ ಹಳೇ ಸ್ಮಶಾನ ಸಿಗುವುದೇ ಕಷ್ಟ. ಕಲ್ಲಿನ ಮೇಲೆ ಬರೆದಿಲ್ಲವಾದ್ದರಿಂದ ನಮಗೆ ಗೊತ್ತಾಗುವುದಿಲ್ಲ, ಅಷ್ಟೇ.

ಗವರ್ನರ್‌ಗಳೂ ಅಷ್ಟೇ. ವರ್ಮಾಂಟ್ ನಡುವೆ ಉದ್ದಕ್ಕೂ ಗ್ರೀನ್ ಮೌಂಟನ್ಸ್ ಬೆಟ್ಟಸಾಲು ಇದೆ. 1854ರಿಂದ 1960ರವರೆಗೆ ಪ್ರತಿ ಗವರ್ನರ್ ಚುನಾವಣೆಯನ್ನೂ ರಿಪಬ್ಲಿಕನ್ ಪಕ್ಷವೇ ಗೆದ್ದಿತು. ಪಕ್ಷದೊಳಗೇ ಜಗಳ ಆಗಬಾರದು ಅಂತ ಒಂದು ಒಪ್ಪಂದ ನಡೆದುಕೊಂಡು ಬಂತು. ಒಂದು ಸಲ ಬೆಟ್ಟದ ಪೂರ್ವದವರು, ಇನ್ನೊಂದು ಸಲ ಪಶ್ಚಿಮದವರು. ಜನ ಇದನ್ನು ಮೌಂಟನ್ ರೂಲ್ ಅಂತ ಕರೆದರು. 1870ರಲ್ಲಿ ಗವರ್ನರ್ ಅವಧಿ ಎರಡು ವರ್ಷ ಆಯಿತು, ಅದೂ ಒಬ್ಬರಿಗೆ ಒಂದೇ ಸಲ ಅನ್ನುವುದು ರೂಢಿ. 1927ರ ದೊಡ್ಡ ಪ್ರವಾಹದ ನಂತರ ಗವರ್ನರ್ ಜಾನ್ ವೀಕ್ಸ್ ಎರಡನೇ ಸಲ ಆರಿಸಿಬರುವವರೆಗೆ ಇದು ನಡೆಯಿತು. ವಿಂಡ್ಸರ್ ಕೌಂಟಿ ಬೆಟ್ಟದ ಪೂರ್ವಕ್ಕಿದೆ. ಹಾಗಾಗಿ ಪೂರ್ವದ ಸರದಿ ಬಂದಾಗ ಇಲ್ಲಿಯವರಿಗೆ ಮತ್ತೆ ಮತ್ತೆ ಅವಕಾಶ ಸಿಕ್ಕಿತು. ಹಾರ್ಟ್‌ಫರ್ಡ್‌ನ ಸ್ಯಾಮ್ಯುಯೆಲ್ ಪಿಂಗ್ರೀ, ಲಡ್ಲೋ ಊರಿನ ವಿಲಿಯಂ ಸ್ಟಿಕ್ನಿ, ಕ್ಯಾವೆಂಡಿಶ್‌ನ ಆ್ಯಲೆನ್ ಫ್ಲೆಚರ್, ಸ್ಪ್ರಿಂಗ್‌ಫೀಲ್ಡ್‌ನ ಜೇಮ್ಸ್ ಹಾರ್ಟ್‌ನೆಸ್, ವುಡ್‌ಸ್ಟಾಕ್‌ನ ಫ್ರ್ಯಾಂಕ್ಲಿನ್ ಬಿಲಿಂಗ್ಸ್. ಎಲ್ಲರೂ ಒಂದೇ ಕೌಂಟಿಯವರು. ಅಧಿಕಾರ ಬೇಗ ಕೈಬದಲಾಗುತ್ತಿದ್ದ ಕಡೆ ಒಬ್ಬರ ಹೆಸರಿನಲ್ಲಿ ಗುಮ್ಮಟ ಕಟ್ಟುವ ಅಭ್ಯಾಸ ಬೆಳೆಯುವುದಿಲ್ಲ. ಇದು ನನ್ನ ಅಭಿಪ್ರಾಯ, ಆದರೆ ಅಲ್ಲಿನ ಸ್ಮಶಾನಗಳನ್ನು ನೋಡಿದರೆ ನಿಮಗೂ ಹಾಗೇ ಅನಿಸುತ್ತದೆ ಅಂತ ನನ್ನ ನಂಬಿಕೆ.

ಇನ್ನು ಎಲ್ಲಿಗೆ ಹೋಗಬೇಕು ಅನ್ನುವುದು. ಪ್ಲಿಮತ್‌ನಿಂದ ವುಡ್‌ಸ್ಟಾಕ್‌ಗೆ ಕಾರಿನಲ್ಲಿ ಸುಮಾರು ಅರ್ಧ ಗಂಟೆ. ಅದು ಕೌಂಟಿಯ ಕೇಂದ್ರ. ಅಲ್ಲಿನ ರಿವರ್ ಸ್ಟ್ರೀಟ್ ಸ್ಮಶಾನ ನಿಮ್ಮ ಮಾವನವರಿಗೆ ಖಂಡಿತ ಹಿಡಿಸುತ್ತದೆ. ಇಷ್ಟು ಸಣ್ಣ ಊರಿನ ಒಂದೇ ಸ್ಮಶಾನದಲ್ಲಿ ಇಷ್ಟು ಜನ ಸಿಗುವುದು ಅಪರೂಪ.

ಅಲ್ಲಿ ಮುಖ್ಯರಾದವರು ಜೇಕಬ್ ಕಾಲಮರ್. ಮೊದಲು ರಾಯಲ್ಟನ್‌ನಲ್ಲಿ ವಕೀಲಿಕೆ ಮಾಡಿ, 1836ರಲ್ಲಿ ವುಡ್‌ಸ್ಟಾಕ್‌ಗೆ ಬಂದು ನೆಲೆಸಿದವರು. ಅಮೆರಿಕದ ಕಾಂಗ್ರೆಸ್‌ನ (ಅಲ್ಲಿನ ಸಂಸತ್ತಿನ) ಕೆಳಮನೆಯಲ್ಲಿದ್ದಾಗ ಇಲಿನಾಯ್‌ನ ಒಬ್ಬ ಹೊಸ ಸದಸ್ಯರೂ ಅಲ್ಲಿ ಕೂರುತ್ತಿದ್ದರು, ಅವರೇ ಅಬ್ರಹಾಂ ಲಿಂಕನ್. ಕಾಲಮರ್ 1849ರಲ್ಲಿ ದೇಶದ ಪೋಸ್ಟ್‌ಮಾಸ್ಟರ್ ಜನರಲ್ ಆದರು. ಆಗ ಅದು ಮಂತ್ರಿ ಪದವಿ. 1855ರಿಂದ ಸೆನೆಟರ್. 1860ರಲ್ಲಿ ಶಿಕಾಗೋದ ರಿಪಬ್ಲಿಕನ್ ಸಮಾವೇಶದಲ್ಲಿ ಅಧ್ಯಕ್ಷ ಅಭ್ಯರ್ಥಿ ಯಾರಾಗಬೇಕು ಅಂತ ಮತ ಹಾಕಿದಾಗ ವರ್ಮಾಂಟ್ ತನ್ನ 10 ಮತಗಳನ್ನೂ ಮೊದಲ ಸುತ್ತಿನಲ್ಲಿ ಇವರಿಗೇ ಕೊಟ್ಟಿತು. ಗೆದ್ದದ್ದು ಲಿಂಕನ್. ಅಂತರ್ಯುದ್ಧದ (ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವಿನ ಯುದ್ಧ) ಉದ್ದಕ್ಕೂ ಕಾಲಮರ್ ಸೆನೆಟ್‌ನಲ್ಲೇ ಇದ್ದರು, ಯುದ್ಧ ಮುಗಿದ ವರ್ಷ, 1865ರ ನವೆಂಬರ್‌ನಲ್ಲಿ, ವುಡ್‌ಸ್ಟಾಕ್ ಮನೆಯಲ್ಲಿ ತೀರಿಕೊಂಡರು. ವಾಷಿಂಗ್ಟನ್‌ನ ಸಂಸತ್ ಭವನದಲ್ಲಿ ಪ್ರತಿ ರಾಜ್ಯವೂ ತನ್ನ ಇಬ್ಬರ ಪ್ರತಿಮೆ ಇಡಬಹುದು. ವರ್ಮಾಂಟ್ ಇಟ್ಟದ್ದು ಕ್ರಾಂತಿಯುದ್ಧದ ವೀರ ಈಥನ್ ಆಲೆನ್ ಅವರದ್ದು ಮತ್ತು ಇವರದ್ದು. ಕಾಲಮರ್ ಅವರ ಅಮೃತಶಿಲೆಯ ಪ್ರತಿಮೆ ಅಲ್ಲಿ 1881ರಿಂದ ಇದೆ. ಲಕ್ಷಾಂತರ ಪ್ರವಾಸಿಗರು ವಾಷಿಂಗ್ಟನ್‌ಗೆ ಹೋಗುತ್ತಾರೆ. ಆದರೆ ವುಡ್‌ಸ್ಟಾಕ್‌ನಲ್ಲಿ ಅವರ ಸಮಾಧಿ ಹುಡುಕಿಕೊಂಡು ಹೋಗುವವರು ಕಡಿಮೆ. ನೀವು ಹೋಗಿ ಬನ್ನಿ, ಅವರು ಅದಕ್ಕೆ ಅರ್ಹರು.

ಅದೇ ಸ್ಮಶಾನದಲ್ಲಿ ಗವರ್ನರ್ ಪೀಟರ್ ವಾಶ್‌ಬರ್ನ್ ಇದ್ದಾರೆ. ಯುದ್ಧಕಾಲದಲ್ಲಿ ವರ್ಮಾಂಟ್ ಸೇನೆಯ ಆಡಳಿತ ನೋಡಿಕೊಂಡವರು, ಗವರ್ನರ್ ಆಗಿ ಕೆಲವೇ ತಿಂಗಳಲ್ಲಿ, 1870ರ ಫೆಬ್ರುವರಿಯಲ್ಲಿ ಅಧಿಕಾರದಲ್ಲಿದ್ದಾಗಲೇ ಹೋದರು. ಕಾಂಗ್ರೆಸ್ ಸದಸ್ಯ ಚಾರ್ಲ್ಸ್ ಮಾರ್ಶ್ ಇದ್ದಾರೆ. ಫ್ರೆಡರಿಕ್ ಬಿಲಿಂಗ್ಸ್ ಇದ್ದಾರೆ. ಅವರು ಹೆಚ್ಚಾಗಿ ರೈಲ್ವೆ ಉದ್ಯಮಿ, ಮೊಂಟಾನಾದ ಬಿಲಿಂಗ್ಸ್ ನಗರಕ್ಕೆ ಅವರದ್ದೇ ಹೆಸರು.

ಚಾರ್ಲ್ಸ್ ಮಾರ್ಶ್ ಅವರ ಮಗ ಅಲ್ಲಿಲ್ಲ. ಜಾರ್ಜ್ ಪರ್ಕಿನ್ಸ್ ಮಾರ್ಶ್ 1801ರಲ್ಲಿ ವುಡ್‌ಸ್ಟಾಕ್‌ನಲ್ಲಿ ಹುಟ್ಟಿದವರು. ಕಾಂಗ್ರೆಸ್ ಸದಸ್ಯರಾದರು, ತುರ್ಕಿಗೆ ರಾಯಭಾರಿ ಆದರು, 1861ರಿಂದ ಇಟಲಿಗೆ ರಾಯಭಾರಿ. ಕಾಡು ಕಡಿದರೆ ಮಣ್ಣು ಕೊಚ್ಚಿಹೋಗುತ್ತದೆ, ಹೊಳೆ ಬತ್ತುತ್ತದೆ, ಇದಕ್ಕೆ ಮನುಷ್ಯನೇ ಕಾರಣ ಅಂತ 1864ರಲ್ಲೇ ದೊಡ್ಡ ಪುಸ್ತಕ ಬರೆದವರು. ಆ ಮಾತು ಅವರಿಗೆ ಹೊಳೆಯಲು ವುಡ್‌ಸ್ಟಾಕ್ ಸುತ್ತಲಿನ ಬೋಳು ಬೆಟ್ಟಗಳೂ ಒಂದು ಕಾರಣ. ಇಪ್ಪತ್ತೊಂದು ವರ್ಷ ಆ ಹುದ್ದೆಯಲ್ಲೇ ಇದ್ದು 1882ರಲ್ಲಿ ಇಟಲಿಯಲ್ಲೇ ತೀರಿಕೊಂಡರು. ರೋಮ್‌ನ ಪ್ರಾಟೆಸ್ಟಂಟ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ವುಡ್‌ಸ್ಟಾಕ್‌ನಲ್ಲಿ ಅವರು ಬೆಳೆದ ಮನೆಯನ್ನು ಫ್ರೆಡರಿಕ್ ಬಿಲಿಂಗ್ಸ್ ಕೊಂಡು, ಸುತ್ತ ಮತ್ತೆ ಕಾಡು ಬೆಳೆಸಿದರು. ಈಗ ಅದು ರಾಷ್ಟ್ರೀಯ ಉದ್ಯಾನ. ತಂದೆಯ ಸಮಾಧಿ ನೋಡಿದ ಮೇಲೆ ಮಗನ ಕಾಡಿನಲ್ಲಿ ಒಂದು ಸುತ್ತು ಹಾಕಿ.

ವುಡ್‌ಸ್ಟಾಕ್‌ನಿಂದ ವಿಂಡ್ಸರ್ ಊರಿಗೆ ಹೋಗಬಹುದು. ವರ್ಮಾಂಟ್ 1777ರಿಂದ 1791ರವರೆಗೆ ಯಾವ ದೇಶಕ್ಕೂ ಸೇರದೆ ತನ್ನ ಪಾಡಿಗೆ ತಾನಿತ್ತು. ಅದರ ಸಂವಿಧಾನ ಒಪ್ಪಿಗೆಯಾದದ್ದು ಈ ಊರಿನ ಒಂದು ತಂಗುಮನೆಯಲ್ಲಿ. ವಯಸ್ಕರನ್ನು ಗುಲಾಮರಾಗಿ ಇಟ್ಟುಕೊಳ್ಳಬಾರದು ಅಂತ ಅದರಲ್ಲಿ ಬರೆದರು. ಇಲ್ಲಿನ ಆಸ್ಕಟ್ನಿ ಸ್ಮಶಾನದಲ್ಲಿ ವಿಲಿಯಂ ಇವಾರ್ಟ್ಸ್ ಇದ್ದಾರೆ. ಇವರು ಇಲ್ಲಿರುವುದನ್ನು ನೋಡಿ ತುಂಬ ಜನಕ್ಕೆ ಆಶ್ಚರ್ಯ. ಹುಟ್ಟಿದ್ದು ಬಾಸ್ಟನ್‌ನಲ್ಲಿ, ವಕೀಲಿಕೆ ನ್ಯೂಯಾರ್ಕ್‌ನಲ್ಲಿ, ಸೆನೆಟರ್ ಆದದ್ದು ನ್ಯೂಯಾರ್ಕ್‌ನಿಂದ, ಸತ್ತದ್ದೂ ನ್ಯೂಯಾರ್ಕ್‌ನಲ್ಲೇ. ಅಧ್ಯಕ್ಷ ಆ್ಯಂಡ್ರೂ ಜಾನ್ಸನ್ ಅವರನ್ನು 1868ರಲ್ಲಿ ಪದವಿಯಿಂದ ತೆಗೆಯಲು ವಿಚಾರಣೆ ನಡೆದಾಗ ಅವರ ಪರ ವಾದಿಸಿದವರು ಇವರು. ಒಂದೇ ಮತದ ಅಂತರದಲ್ಲಿ ಜಾನ್ಸನ್ ಉಳಿದರು. ಆಮೇಲೆ ಅಟಾರ್ನಿ ಜನರಲ್, ಅಧ್ಯಕ್ಷ ಹೇಯ್ಸ್ ಕಾಲದಲ್ಲಿ ವಿದೇಶಾಂಗ ಮಂತ್ರಿ. ಸ್ವಾತಂತ್ರ್ಯ ಪ್ರತಿಮೆಯ ಪೀಠಕ್ಕೆ ಹಣ ಸೇರಿಸಿದ ಸಮಿತಿಯ ಅಧ್ಯಕ್ಷರೂ ಇವರೇ. ಹಾಗಿದ್ದರೆ ವಿಂಡ್ಸರ್ ಯಾಕೆ? ಹೆಂಡತಿ ಹೆಲೆನ್ ವಾರ್ಡ್ನರ್ ಅವರ ತವರು ಇದು. ಮದುವೆ ಇಲ್ಲೇ ಆಯಿತು, ಬೇಸಿಗೆ ಮನೆ ಇಲ್ಲೇ ಮಾಡಿಕೊಂಡರು, ಮಕ್ಕಳು ಪ್ರತಿ ವರ್ಷ ಇಲ್ಲಿಗೇ ಬರುತ್ತಿದ್ದರು. 1901ರಲ್ಲಿ ತೀರಿಕೊಂಡಾಗ ಇಲ್ಲಿಗೇ ತಂದರು. ರಾಜಕಾರಣಿಯ ಸಮಾಧಿ ಹುಡುಕುವವರು ಹೆಂಡತಿಯ ತವರನ್ನು ಯಾವತ್ತೂ ಮರೆಯಬಾರದು.

ಇನ್ನೂ ಸಮಯವಿದ್ದರೆ ಸ್ಪ್ರಿಂಗ್‌ಫೀಲ್ಡ್. ಇದು ಒಂದು ಕಾಲದಲ್ಲಿ ಯಂತ್ರ ತಯಾರಿಕೆಗೆ ಹೆಸರಾಗಿದ್ದ ಊರು. ಸಮ್ಮರ್ ಹಿಲ್ ಸ್ಮಶಾನದಲ್ಲಿ ಗವರ್ನರ್ ಜೇಮ್ಸ್ ಹಾರ್ಟ್‌ನೆಸ್ ಮತ್ತು ಅವರ ಅಳಿಯ ಸೆನೆಟರ್ ರಾಲ್ಫ್ ಫ್ಲ್ಯಾಂಡರ್ಸ್ ಇದ್ದಾರೆ. ಮಾವ ಲೇತ್ ಯಂತ್ರಗಳ ಸಂಶೋಧಕ, ಅಳಿಯ ಅದೇ ಕಾರ್ಖಾನೆಗಳಲ್ಲಿ ಬೆಳೆದ ಎಂಜಿನಿಯರ್. ಕಮ್ಯುನಿಸ್ಟರನ್ನು ಹುಡುಕುವ ನೆಪದಲ್ಲಿ ಸೆನೆಟರ್ ಜೋಸೆಫ್ ಮೆಕಾರ್ಥಿ ದೇಶವನ್ನೆಲ್ಲ ಹೆದರಿಸುತ್ತಿದ್ದ ಕಾಲ ನಿಮ್ಮ ಮಾವನವರಿಗೆ ಗೊತ್ತಿರುತ್ತದೆ. ತಮ್ಮದೇ ಪಕ್ಷದ ಆತನ ವಿರುದ್ಧ 1954ರಲ್ಲಿ ಖಂಡನಾ ನಿರ್ಣಯ ತಂದವರು ಈ ಫ್ಲ್ಯಾಂಡರ್ಸ್. ಆಗ ಅವರಿಗೆ 73 ವರ್ಷ. ಪಕ್ಷದ ದೊಡ್ಡವರು ಸುಮ್ಮನಿದ್ದಾಗ ಎದ್ದು ನಿಂತರು. ಡಿಸೆಂಬರ್ 2ರಂದು ಸೆನೆಟ್ 67–22 ಮತಗಳಿಂದ ಮೆಕಾರ್ಥಿಯನ್ನು ಖಂಡಿಸಿತು. ಈ ಇಡೀ ಕೌಂಟಿಯಲ್ಲಿ ನನಗೆ ಅತಿ ಹೆಚ್ಚು ಗೌರವ ಇರುವುದು ಈ ಸಮಾಧಿಯ ಬಗ್ಗೆ. ಒಂದೇ ಒಂದು ಕಡೆ ಹೂವಿಡಲು ಸಮಯವಿದ್ದರೆ ಇಲ್ಲಿಡಿ ಅನ್ನುತ್ತೇನೆ.

ಹುಡುಕುವುದು ಹೇಗೆ ಅಂತ ಕೇಳಿದ್ದೀರಿ. ಮೊದಲ ವಿಷಯ, ವುಡ್‌ಸ್ಟಾಕ್‌ನ ಕೌಂಟಿ ಕೋರ್ಟ್‌ಗೆ ಹೋಗಬೇಡಿ. ಅಮೆರಿಕದ ಬೇರೆ ಕಡೆ ಕೌಂಟಿ ಕಚೇರಿಯಲ್ಲಿ ಎಲ್ಲ ಕಾಗದವೂ ಸಿಗುತ್ತದೆ. ವರ್ಮಾಂಟ್‌ನಲ್ಲಿ ಹಾಗಿಲ್ಲ. ಇಲ್ಲಿ ಕೌಂಟಿ ಹೆಸರಿಗಷ್ಟೇ ದೊಡ್ಡದು. ಹುಟ್ಟು, ಸಾವು, ಜಮೀನಿನ ದಾಖಲೆ ಎಲ್ಲ ಇರುವುದು ಟೌನ್ ಕ್ಲರ್ಕ್ ಹತ್ತಿರ. ಸ್ಮಶಾನಗಳನ್ನು ನೋಡಿಕೊಳ್ಳುವುದೂ ಹೆಚ್ಚಾಗಿ ಟೌನ್‌ನವರೇ, ಅದಕ್ಕೆಂದೇ ಸ್ಮಶಾನ ಕಮಿಷನರ್‌ಗಳಿರುತ್ತಾರೆ. ಕೆಲವನ್ನು ಸ್ಥಳೀಯ ಸಂಘಗಳು ನಡೆಸುತ್ತವೆ. ಒಂದು ಟೌನ್ ಅಂದರೆ ಒಂದು ಊರಲ್ಲ ಅನ್ನುವುದನ್ನೂ ನೆನಪಿಡಿ. ಅದರೊಳಗೆ ನಾಲ್ಕಾರು ಹಳ್ಳಿಗಳಿರುತ್ತವೆ, ಪ್ರತಿ ಹಳ್ಳಿಗೂ ತನ್ನ ಸ್ಮಶಾನ. ಹಾರ್ಟ್‌ಫರ್ಡ್ ಟೌನ್‌ನಲ್ಲೇ ವೈಟ್ ರಿವರ್ ಜಂಕ್ಷನ್ ಇದೆ, ಕ್ವೀಚಿ ಇದೆ. ದಾಖಲೆಯಲ್ಲಿ ಹಾರ್ಟ್‌ಫರ್ಡ್ ಅಂತ ಓದಿ ತಪ್ಪು ಸ್ಮಶಾನದಲ್ಲಿ ಅರ್ಧ ದಿನ ಕಳೆಯಬಹುದು. ಹೋಗುವ ಮೊದಲು ಒಂದು ಫೋನ್ ಮಾಡಿ. ಸಣ್ಣ ಟೌನ್‌ಗಳ ಕಚೇರಿ ವಾರದ ಎಲ್ಲ ದಿನ ತೆರೆದಿರುವುದಿಲ್ಲ.

ಎರಡನೇದು, ಹುಟ್ಟಿದ ಊರು, ಬಾಳಿದ ಊರು, ಸತ್ತ ಊರು, ಮಣ್ಣಾದ ಊರು ನಾಲ್ಕೂ ಬೇರೆ ಬೇರೆ ಇರಬಹುದು. ವರ್ಮಾಂಟ್‌ನಲ್ಲಿ ಹುಟ್ಟಿದ ಇನ್ನೊಬ್ಬ ಅಧ್ಯಕ್ಷ ಚೆಸ್ಟರ್ ಆರ್ಥರ್ ಇರುವುದು ನ್ಯೂಯಾರ್ಕ್ ರಾಜ್ಯದ ಆಲ್ಬನಿ ಹತ್ತಿರ. ವಿಂಡ್ಸರ್ ಕೌಂಟಿಯ ಶ್ಯಾರನ್‌ನಲ್ಲಿ 38 ಅಡಿಗೂ ಎತ್ತರದ ಒಂದು ಗ್ರಾನೈಟ್ ಕಂಬ ಇದೆ. ಅದನ್ನು ನೋಡಿ ಸಮಾಧಿ ಅಂದುಕೊಳ್ಳುವವರಿದ್ದಾರೆ. ಅದು ಮಾರ್ಮನ್ ಧರ್ಮದ ಸ್ಥಾಪಕ ಜೋಸೆಫ್ ಸ್ಮಿತ್ ಹುಟ್ಟಿದ ಜಾಗದ ಗುರುತು. ಅವರ ಆಯಸ್ಸಿನ ವರ್ಷಕ್ಕೊಂದು ಅಡಿಯಂತೆ ಎತ್ತರ. 1844ರಲ್ಲಿ ಅವರು ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದರು, ಆದ್ದರಿಂದ ರಾಜಕಾರಣಿಗಳ ಪಟ್ಟಿಗೂ ಸೇರುತ್ತಾರೆ. ಅದೇ ವರ್ಷ ಇಲಿನಾಯ್‌ನ ಜೈಲಿನಲ್ಲಿ ಗುಂಪು ನುಗ್ಗಿ ಅವರನ್ನು ಕೊಂದಿತು. ಸಮಾಧಿ ಇರುವುದು ಅಲ್ಲಿನ ನೌವೂ ಅನ್ನುವ ಊರಿನಲ್ಲಿ. ವಾಷಿಂಗ್ಟನ್‌ನ ಕಾಂಗ್ರೆಷನಲ್ ಸ್ಮಶಾನದಲ್ಲಿಯೂ ಹೀಗೇ ಮೋಸ ಹೋಗಬಹುದು. ಅಧಿಕಾರದಲ್ಲಿದ್ದಾಗ ತೀರಿಕೊಂಡ ಸದಸ್ಯರ ಹೆಸರಿನಲ್ಲಿ ಅಲ್ಲಿ ಸಾಲುಸಾಲು ಕಲ್ಲುಗಳಿವೆ. ಹೆಚ್ಚಿನವುಗಳ ಕೆಳಗೆ ಯಾರೂ ಇಲ್ಲ.

ಇನ್ನು ತಾರೀಖು. ಚಳಿಗಾಲದಲ್ಲಿ ವರ್ಮಾಂಟ್ ನೆಲ ಕಲ್ಲಾಗಿರುತ್ತದೆ. ಹಿಂದೆ ಯಾರಾದರೂ ಜನವರಿಯಲ್ಲಿ ತೀರಿಕೊಂಡರೆ ಶವಪೆಟ್ಟಿಗೆಯನ್ನು ಸ್ಮಶಾನದ ಕಲ್ಲಿನ ಕೋಣೆಯಲ್ಲಿಟ್ಟು, ಹಿಮ ಕರಗಿದ ಮೇಲೆ ಹೂಳುತ್ತಿದ್ದರು. ಹಳೇ ಸ್ಮಶಾನಗಳ ದಿಬ್ಬದ ಬದಿಯಲ್ಲಿ ಕಬ್ಬಿಣದ ಬಾಗಿಲಿರುವ ಸಣ್ಣ ಕೋಣೆ ಕಂಡರೆ ಅದೇ ಅದು. ಸತ್ತ ದಿನಕ್ಕೂ ಮಣ್ಣು ಮಾಡಿದ ದಿನಕ್ಕೂ ತಿಂಗಳುಗಟ್ಟಲೆ ಅಂತರ ಕಂಡರೆ ದಾಖಲೆ ತಪ್ಪು ಅಂದುಕೊಳ್ಳಬೇಡಿ.

ಕಲ್ಲನ್ನೇ ಓದುವುದಾದರೆ ಹೆಸರಿನ ಮುಂದೆ ‘ಹಾನರಬಲ್’ ಅನ್ನುವುದರ ಚಿಕ್ಕ ರೂಪ ಇದೆಯೇ ನೋಡಿ. 19ನೇ ಶತಮಾನದಲ್ಲಿ ಚುನಾಯಿತರಿಗೆ, ನ್ಯಾಯಾಧೀಶರಿಗೆ ಅದನ್ನು ಕೆತ್ತಿಸುವುದಿತ್ತು. ಕಲ್ಲಿನ ಪಕ್ಕ ಐದು ಮೂಲೆಯ ಕಂಚಿನ ನಕ್ಷತ್ರ, ಅದಕ್ಕೆ ಸಿಕ್ಕಿಸಿದ ಸಣ್ಣ ಬಾವುಟ ಇದ್ದರೆ ಅವರು ಅಂತರ್ಯುದ್ಧದಲ್ಲಿ ಉತ್ತರದ ಪರ ಹೋರಾಡಿದವರು. ಆ ತಲೆಮಾರಿನ ಗವರ್ನರ್‌ಗಳಲ್ಲಿ ಸೈನಿಕರೇ ಹೆಚ್ಚು. ಪಿಂಗ್ರೀ 1862ರಲ್ಲಿ ವರ್ಜೀನಿಯಾದ ಲೀಸ್ ಮಿಲ್ ಕಾಳಗದಲ್ಲಿ ಗಾಯಗೊಂಡು ಮೆಡಲ್ ಆಫ್ ಆನರ್ (ಅಮೆರಿಕದ ಅತ್ಯುನ್ನತ ಶೌರ್ಯ ಪದಕ) ಪಡೆದವರು. ಕಲ್ಲಿನ ಬಗೆಯಿಂದಲೂ ಕಾಲ ಗೊತ್ತಾಗುತ್ತದೆ. ತೀರಾ ಹಳೆಯವು ಕಪ್ಪು ಸ್ಲೇಟ್, ಆಮೇಲೆ ಬಿಳಿ ಅಮೃತಶಿಲೆ, 19ನೇ ಶತಮಾನದ ಕೊನೆಯಿಂದ ಗ್ರಾನೈಟ್. ಸ್ಲೇಟ್ ಮೇಲಿನ ಅಕ್ಷರ ಇನ್ನೂರು ವರ್ಷದ ನಂತರವೂ ಚೂಪಾಗಿರುತ್ತದೆ. ಅಮೃತಶಿಲೆ ಮಳೆಗೆ ಸವೆದು ಸಕ್ಕರೆಯಂತೆ ಉದುರುತ್ತದೆ. ಅಕ್ಷರ ಕಾಣದಿದ್ದರೆ ಒಂದು ಕನ್ನಡಿ ಹಿಡಿದು ಬದಿಯಿಂದ ಬಿಸಿಲು ಬೀಳಿಸಿ, ತಕ್ಷಣ ಎದ್ದು ಕಾಣುತ್ತದೆ. ದಯವಿಟ್ಟು ಶೇವಿಂಗ್ ಕ್ರೀಂ ಹಚ್ಚುವುದು, ಬ್ಲೀಚ್ ಹಾಕುವುದು, ತಂತಿಬ್ರಷ್‌ನಿಂದ ಉಜ್ಜುವುದು ಮಾಡಬೇಡಿ. ಕಾಗದ ಇಟ್ಟು ಪೆನ್ಸಿಲ್‌ನಿಂದ ತಿಕ್ಕಿ ಅಚ್ಚು ತೆಗೆಯುವುದೂ ಬೇಡ, ಸಡಿಲಾದ ಕಲ್ಲು ಅದರಿಂದಲೇ ಮುರಿಯುತ್ತದೆ. ಫೋಟೋ ಸಾಕು.

ಮಾವನವರ ಜೊತೆ ಹೋಗುವುದಾದರೆ ಜುಲೈ 4ಕ್ಕೇ ಹೋಗಿ ಅನ್ನುತ್ತೇನೆ. ಹೂಚಕ್ರ ಇಡುವ ಕಾರ್ಯಕ್ರಮಕ್ಕೆ ಯಾರು ಬೇಕಾದರೂ ಹೋಗಬಹುದು. ಆ ವರ್ಷದ ಸಮಯವನ್ನು ಮೊದಲೇ ವಿಚಾರಿಸಿಕೊಳ್ಳಿ. ಕೂಲಿಜ್ ಹುಟ್ಟಿದ ಮನೆ, ಪ್ರಮಾಣವಚನ ಆದ ಕೋಣೆ, ಅವರ ತಂದೆ ಊರವರ ಜೊತೆ ಸೇರಿ 1890ರಲ್ಲಿ ಶುರುಮಾಡಿದ ಚೀಸ್ ಕಾರ್ಖಾನೆ ಎಲ್ಲ ನಡೆದೇ ನೋಡಬಹುದು. ಮನೆಗಳು ತೆರೆದಿರುವುದು ಬೇಸಿಗೆ ಮತ್ತು ಎಲೆ ಉದುರುವ ಕಾಲದಲ್ಲಿ ಮಾತ್ರ. ಸ್ಮಶಾನಕ್ಕೆ ಟಿಕೆಟ್ ಇಲ್ಲ. ಅದು ಹೆದ್ದಾರಿ 100ಎಯ ಆಚೆ ಬದಿಯಲ್ಲಿದೆ, ಹಾಗಾಗಿ ರಸ್ತೆ ದಾಟುವಾಗ ಜೋಪಾನ. ಇಳಿಜಾರಿನ ಮೆಟ್ಟಿಲು ಕಡಿದಾಗಿವೆ. ಅವರಿಗೆ ಮಂಡಿನೋವು ಇದ್ದರೆ ನಿಧಾನವಾಗಿ ಹತ್ತಿಸಿ, ಅಲ್ಲಿಂದ ವುಡ್‌ಸ್ಟಾಕ್‌ಗೆ ಹೋಗಿ ಊಟ ಮಾಡಿ, ಸಂಜೆಯೊಳಗೆ ವಿಂಡ್ಸರ್ ಮುಗಿಸಿಕೊಳ್ಳಿ. ಸ್ಪ್ರಿಂಗ್‌ಫೀಲ್ಡ್ ಮಾರನೇ ದಿನಕ್ಕಿರಲಿ.